ಹಿಡಿ, ಎಳೆ, ಬಿಡು

ಲೇಥ್ ಮಿಷನ್ನಿನ ಮುಂದೆ ನಿಂತು ಇಪ್ಪತ್ತು ವರ್ಷ ಕಬ್ಬಿಣ ಕಡೆದ ಮನುಷ್ಯ ಕವಣೆ ಆಟ ಕಲಿಸಲು ಹೊರಟರೆ ಹೇಗಿರುತ್ತದೆ ಹೇಳಿ? ಕೂದಲೆಳೆಯಷ್ಟೂ ರಿಯಾಯಿತಿ ಇರುವುದಿಲ್ಲ. ಅವನ ವರ್ಕ್‌ಶಾಪಿನ ಹಿಂದಿನ ಗೋದಾಮಿನಲ್ಲಿ ಪ್ರತಿ ಭಾನುವಾರ ಎಂಟು ಹತ್ತು ಜನ ಸೇರುತ್ತಿದ್ದರು. ಕಣ್ಣಿನ ರಕ್ಷಣೆಗೆ ಕನ್ನಡಕ ಹಾಕದವರು ಒಳಗೆ ಕಾಲಿಡುವ ಹಾಗಿರಲಿಲ್ಲ. ರಬ್ಬರ್ ಪಟ್ಟಿಯಲ್ಲಿ ಸೂಜಿಮೊನೆಯಷ್ಟು ಬಿರುಕು ಕಂಡರೂ ಕತ್ತರಿಸಿ ಕಸಕ್ಕೆ ಎಸೆಯುತ್ತಿದ್ದ. ಗುರಿಯ ಹಿಂದಿನ ದಪ್ಪ ಪರದೆಯನ್ನು ತಾನೇ ಎಳೆದು ನೋಡದೆ ಆಟ ಶುರು ಮಾಡಿಸುತ್ತಿರಲಿಲ್ಲ. ಒಮ್ಮೆ ದರ್ಜಿಯೊಬ್ಬ ತಮಾಷೆಗೆಂದು ಖಾಲಿ ಕವಣೆಯನ್ನು ಪಕ್ಕದವನ ಕಡೆ ತಿರುಗಿಸಿದ್ದಕ್ಕೆ ಅವನ ಕೊರಳಪಟ್ಟಿ ಹಿಡಿದು ಆಚೆಗೆ ದಬ್ಬಿದ್ದ.

"ಇದೇನು ಹುಡುಗಾಟ ಅನ್ಕೊಂಡ್ಯೇನಯ್ಯಾ? ನಾಳೆಯಿಂದ ಸೂಜಿ ದಾರ ಹಿಡ್ಕೊಂಡು ಮನೇಲೇ ಕೂತ್ಕೋ!"

ಅಲ್ಲಿ ಮೂರೇ ಅಪ್ಪಣೆ. "ಹಿಡಿ" ಎಂದರೆ ಉಕ್ಕಿನ ಗುಂಡನ್ನು ಕವಣೆಯ ಚರ್ಮದ ತುಂಡಿನೊಳಗಿಟ್ಟು ಹಿಡಿಯಬೇಕು. "ಎಳೆ" ಎಂದರೆ ರಬ್ಬರನ್ನು ಕೆನ್ನೆಯವರೆಗೆ ಎಳೆಯಬೇಕು. "ಬಿಡು" ಎಂದೊಡನೆ ಗುಂಡು ಹೋಗಬೇಕು. ಒಂದು ಕ್ಷಣ ಮೊದಲೂ ಅಲ್ಲ, ಆಮೇಲೂ ಅಲ್ಲ. ಇದರಲ್ಲಿ ಎಲ್ಲರನ್ನೂ ಮೀರಿಸಿದವಳು ಅವನ ತಂಗಿ. ಮೂರು ವರ್ಷದಲ್ಲಿ ಅವಳ ಬೆರಳು ಅಣ್ಣನ ದನಿಗೆ ಎಷ್ಟು ಪಳಗಿತ್ತೆಂದರೆ, ಕಿವಿಗೂ ಬೆರಳಿಗೂ ನಡುವೆ ತಲೆಗೆ ಕೆಲಸವೇ ಇರಲಿಲ್ಲ. ಅದು ಅವನಿಗೆ ದೊಡ್ಡ ಹೆಮ್ಮೆ.

ಲಾರಿ ಓಡಿಸುವ ಅವಳ ಗಂಡನ ಕೈಯೂ ಪಳಗಿತ್ತು, ಹೆಂಡತಿಯ ಮೈಮೇಲೆ. ಹೋದ ತಿಂಗಳು ಆ ಪಾಪಿ ಅವಳ ಎರಡು ಹಲ್ಲು ಉದುರಿಸಿದ ಮೇಲೆ ಅಣ್ಣ ಅವಳನ್ನು ಕರೆತಂದು ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ ಇರಿಸಿಕೊಂಡಿದ್ದ.

ಆ ಭಾನುವಾರ ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಅಣ್ಣ ತಂಗಿ ಇಬ್ಬರೇ ಇದ್ದಾಗ ಗಂಡ ಗೋದಾಮಿನ ಬಾಗಿಲು ಒದ್ದುಕೊಂಡು ಬಂದ. ಕೈಯಲ್ಲಿ ಚಕ್ರ ಬಿಚ್ಚುವ ಕಬ್ಬಿಣದ ರಾಡು.

"ನನ್ನ ಹೆಂಡ್ತೀನ ಬಚ್ಚಿಟ್ಕೊಂಡಿದೀಯೇನೋ?"

"ಭಾವಾ, ಅದನ್ನ ಕೆಳಗಿಡಿ. ಕೂತ್ಕೊಂಡು ಮಾತಾಡೋಣ."

ಕೂತು ಮಾತಾಡುವ ಆಸಾಮಿಯೇ ಅವನು! ಮೊದಲ ಏಟಿಗೇ ಅಣ್ಣನ ಮೊಣಕೈ ಲಟಕ್ಕೆಂದಿತು. ಎರಡನೆಯದು ದವಡೆಗೆ ಬಿದ್ದು ಬಾಯ್ತುಂಬ ರಕ್ತ. ನೆಲಕ್ಕುರುಳಿದವನ ಹೊಟ್ಟೆಗೆ ಬೂಟುಗಾಲಿನಿಂದ ಒದೆಯುತ್ತ, "ನಿಂದಾದ್ಮೇಲೆ ಅವಳದು," ಎಂದ. ಮತ್ತೆ ರಾಡು ಎತ್ತಿದವನು ಹಾಗೇ ನಿಂತುಬಿಟ್ಟ.

ಅಣ್ಣ ಹೊರಳಿ ನೋಡಿದ. ತಂಗಿ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು. ರಬ್ಬರು ಕೆನ್ನೆಯವರೆಗೆ ಬಂದಿತ್ತು. ಗುರಿ ಗಂಡನ ಮುಖಕ್ಕೆ.

"ಏಯ್... ಬೇಡ ಕಣೇ," ಎಂದ ಗಂಡ. ರಾಡನ್ನು ಕೆಳಗೆ ಹಾಕಿ, ಎರಡೂ ಕೈ ಎತ್ತಿ, ಬಾಗಿಲ ಕಡೆ ಹಿಂದಡಿಯಿಟ್ಟ.

ಸದ್ಯ, ಮುಗಿಯಿತು ಎಂದುಕೊಂಡ ಅಣ್ಣ. ಆದರೆ ಅವಳ ತೋಳು ಇಳಿಯಲಿಲ್ಲ. ಈಗ ಹೊಡೆದಳೋ, ಜೈಲೇ ಗತಿ. ಹೋಗಲಿ ಬಿಡು, ಕೈ ಇಳಿಸು ಎಂದು ಕೂಗಲು ಹೋದ. ರಕ್ತ ತುಂಬಿದ ಬಾಯಿಂದ ಹೊರಬಂದದ್ದು ಒಂದೇ ಮಾತು.

"ಬಿಡು!"

ಗುಂಡು ಹೋಯಿತು. ಗಂಡ ಎಡಗಣ್ಣನ್ನು ಎರಡೂ ಕೈಯಲ್ಲಿ ಅದುಮಿಕೊಂಡು ನೆಲಕ್ಕೆ ಬಿದ್ದು, ಹಂದಿ ಕಿರುಚಿದ ಹಾಗೆ ಕಿರುಚಿದ. ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಅವಳು ಕವಣೆ ಚಾಚಿಕೊಂಡೇ ನಿಂತಿದ್ದಳು.

ಆಂಬುಲೆನ್ಸ್ ಅವನನ್ನು ಹೊತ್ತೊಯ್ದಿತು. ಕಣ್ಣು ಹೋಯಿತು, ಜೀವಕ್ಕೇನೂ ಭಯವಿಲ್ಲ ಎಂದು ಆಸ್ಪತ್ರೆಯಿಂದ ಫೋನ್ ಬಂತು. ಗೋದಾಮಿಗೆ ಬಂದಿದ್ದ ಪೊಲೀಸ್ ಅಧಿಕಾರಿಣಿ ನಡೆದದ್ದನ್ನೆಲ್ಲ ಬರೆದುಕೊಂಡು ತಂಗಿಯನ್ನು ಕೇಳಿದಳು: "ಅವನು ರಾಡು ಕೆಳಗೆ ಹಾಕಿದ್ನಲ್ಲ, ಆಮೇಲೂ ಯಾಕಮ್ಮ ಹೊಡೆದೆ?"

"ಅಣ್ಣ ಹೇಳ್ದ."

ಅಧಿಕಾರಿಣಿ ಇವನತ್ತ ತಿರುಗಿದಳು. ನಿಜ ಹೇಳಿದರೆ ತಾನು ಪಾರು. ಬೇಡವೆಂದರೂ ಹೊಡೆದವಳು ಎಂಬ ಹೆಸರು ತಂಗಿಗೆ.

"ಹೌದು ಮೇಡಂ. ಹೊಡಿ ಅಂತ ನಾನೇ ಹೇಳಿದ್ದು," ಎಂದ.

ಮೊದಲು ಆಸ್ಪತ್ರೆ, ಆಮೇಲೆ ಠಾಣೆ ಎಂದರು. ಜೀಪಿನ ಬಳಿ ತಂಗಿ ಓಡಿಬಂದು ಅವನ ನೆಟ್ಟಗಿದ್ದ ತೋಳು ಹಿಡಿದಳು. ಮುಖ ಬಿಳಿಚಿಕೊಂಡಿತ್ತು.

"ಅಣ್ಣಾ, ನನ್ನಾಣೆಗೂ ನಿಜ ಹೇಳು. ಹೋಗ್ಲಿ ಬಿಡು ಅಂತ ಅಂದ್ಯಾ ನೀನು? ನಾನೇ ತಪ್ಪು ತಿಳ್ಕೊಂಡು ಅವನ ಕಣ್ಣು ತೆಗೆದ್ನಾ?"

"ಹುಚ್ಚೀ, ನಾನು ಹೇಳಿದ್ದನ್ನೇ ನೀನು ಮಾಡಿದ್ದು. ಹೋಗು, ಮೇಲೆ ಹೋಗಿ ಮಲ್ಕೋ."

ಅವಳು ಅಲ್ಲೇ ಕುಸಿದು ಕೂತು, "ಸದ್ಯ, ಸದ್ಯ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅವನು ಮುರಿದ ಕೈಯನ್ನು ಎದೆಗೊತ್ತಿಕೊಂಡು ಜೀಪು ಹತ್ತಿದ.