ಐದನೇ ಮನೆಯ ದನಿ

ನನ್ನ ಮಗಳು ರಂಜನಿಗೆ ಏಳು ವರ್ಷ. ಮಾತಿಲ್ಲ. ಊಟಕ್ಕೆ ಕೂತರೆ ತೊಡೆಯ ಮೇಲೆ ಅವಳ ಆಟದ ಕೀಬೋರ್ಡು ಇರಲೇಬೇಕು. ಒತ್ತುವುದಕ್ಕೆ ಎಂಟೇ ಮನೆಗಳಿರುವ ಕೆಂಪು ಪ್ಲಾಸ್ಟಿಕ್ಕಿನ ಸಾಮಾನು, ಮುತ್ತತ್ತಿಗೆ ಹೋದಾಗ ಕೊಡಿಸಿದ್ದು. ಐದನೇ ಮನೆ ಮೊದಲಿನಿಂದಲೂ ಕೆಟ್ಟದ್ದೇ. ಸ್ವರ ಇಳಿದು, ನೆಗಡಿಯಾದವರ ಹಾಗೆ ಗೊರಗೊರ ಅನ್ನುತ್ತಿತ್ತು. ಅವಳು ಅದನ್ನೇ ಒತ್ತಿ, ಕೆನ್ನೆ ಆನಿಸಿ, ಬಾಯಿ ತೆರೆಯುತ್ತಿದ್ದಳು. ನಾನು ತುತ್ತಿಡುತ್ತಿದ್ದೆ. ಮೂರು ವರ್ಷದಿಂದ ಹೀಗೆಯೇ.

ಸೋಮವಾರ ಕೀಬೋರ್ಡೇ ಪೂರ್ತಿ ಸುಮ್ಮನಾಯಿತು. ಹೊಸ ಸೆಲ್ಲು ಹಾಕಿದರೂ ಇಲ್ಲ. ಬುಧವಾರದವರೆಗೆ ಅವಳ ಹೊಟ್ಟೆಗೆ ಹೋದದ್ದು ನೀರು, ನಾಲ್ಕು ಚಮಚ ಮಜ್ಜಿಗೆ. ಅವಳಪ್ಪ ಪವರ್ ಹೌಸಿನ ಡ್ಯೂಟಿಗೆ ಹೋದ ಮೇಲೆ, ಅವಳನ್ನು ಪಕ್ಕದ ಮನೆಯ ಪಂಕಜಮ್ಮನ ಹತ್ತಿರ ಬಿಟ್ಟು, ನಮ್ಮೂರು ಬ್ಲಫ್‌ನಿಂದ ಮಳವಳ್ಳಿಗೆ ಬಸ್ಸು ಹತ್ತಿದೆ.

ಶೌಕತ್ ಅಲಿ ಸಾಬರು ಆರ್ಕೆಸ್ಟ್ರಾದವರ ಕೀಬೋರ್ಡು, ಭಜನೆಯವರ ಶ್ರುತಿಪೆಟ್ಟಿಗೆ ರಿಪೇರಿ ಮಾಡುವವರು. ಆಟಿಕೆ ನೋಡಿ ನಕ್ಕರು.

"ಇದಕ್ಕೂ ರಿಪೇರಿಯಾ? ಹೊಸದು ತಗಳಿ ತಾಯಿ."

"ತಂದಿದ್ವಿ ಸಾಬ್ರೇ, ಎತ್ತಿ ಎಸೆದ್ಲು. ಇದಿಲ್ದೆ ಮಗು ಉಣ್ಣಲ್ಲ."

ನಗು ನಿಂತಿತು. ಸ್ಕ್ರೂ ಬಿಚ್ಚಿದರು. "ಒಳಗೆಲ್ಲ ತುಕ್ಕು. ಎಲ್ಲಾನೂ ಸರಿ ಮಾಡ್ಬುಡ್ಲಾ?"

"ಎಲ್ಲಾನೂ ಸರಿ ಮಾಡ್ಬುಡಿ," ಅಂದು ಬಾಳೆಹಣ್ಣು ತರಲು ಹೋದೆ. ಐದನೇ ಮನೆಯ ವಿಷಯ ಹೇಳಬೇಕೆಂದು ತೋಚಲೇ ಇಲ್ಲ.

ವಾಪಸು ಬಂದಾಗ ಸಾಬರು ಎಂಟೂ ಮನೆಗಳನ್ನು ಸಾಲಾಗಿ ಒತ್ತಿ ತೋರಿಸಿದರು. "ಐದನೇದು ಗಂಟ್ಲು ಕಟ್ಟಿತ್ತು. ಪಾರ್ಟು, ಸ್ಪೀಕರು ಎರಡೂ ಬದ್ಲಾಯಿಸ್ದೆ. ಈಗ ಗಂಟೆ ಹೊಡ್ದಂಗೈತೆ ಕಣಮ್ಮ!"

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. "ಅವಳಿಗೆ ಬೇಕಾಗಿದ್ದು ಆ ಕಟ್ಟಿದ ಗಂಟ್ಲೇ."

"ಮೊದ್ಲೇ ಹೇಳ್ಬಾರ್ದಾ ತಾಯಿ..."

ಹಳೇ ಸ್ಪೀಕರು ಸಿಕ್ಕಿತು, ಮತ್ತೆ ಹಾಕಿದರು. ಆದರೆ ಸ್ವರ ಇಳಿಸಿದ್ದ ಆ ಪಾರ್ಟು ಜೀರಿಗೆಯಷ್ಟು ಚಿಕ್ಕದು. ಅದನ್ನು ಎಸೆದಿದ್ದ ಡಬ್ಬಿಯ ತುಂಬ ಅಂಥವೇ, ಯಾವುದೆಂದು ಗೊತ್ತಾಗಲಿಲ್ಲ. ಕೊನೆಗೆ ಪಕ್ಕದಲ್ಲಿ ತೂತು ಕೊರೆದು, ಹಳೇ ರೇಡಿಯೋದ ಒಂದು ಗುಂಡಿ ಕೂರಿಸಿದರು. ಅದನ್ನು ತಿರುಗಿಸಿದರೆ ಐದನೇ ಸ್ವರ ಏರುತ್ತದೆ, ಇಳಿಯುತ್ತದೆ.

"ಈಗ ನೀವ್ ಹೇಳಿ. ಇಷ್ಟಾ?"

"ಇನ್ನೊಸಿ ಕೆಳಗೆ. ಅಲ್ಲ, ಮೇಲೆ."

"ಇದಾ?"

ಇದೇ ಅನ್ನಿಸಿತು. ಮರುಕ್ಷಣ ಅಲ್ಲ ಅನ್ನಿಸಿತು. ದಿನಕ್ಕೆ ಮೂರು ಹೊತ್ತು ಕೇಳಿದ ದನಿ. ಆಗೆಲ್ಲ ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ, ಕಿವಿಗೊಟ್ಟಿರಲಿಲ್ಲ.

"ಮಗೂನೇ ಕೇಳಿ ತಾಯಿ. ಅದು ಹೇಳ್ತದೆ."

ಕೀಬೋರ್ಡು ಎತ್ತಿಕೊಂಡು ಎದ್ದು ಬಂದೆ.

ಮನೆಯಲ್ಲಿ ರಂಜನಿ ಐದನೇ ಮನೆ ಒತ್ತಿದಳು, ಕೆನ್ನೆ ಆನಿಸಿದಳು, ತಟ್ಟನೆ ತೆಗೆದಳು. ನಾನು ಎಡಗೈಯಲ್ಲಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ. ಮತ್ತೆ ಒತ್ತಿದಳು, ಮತ್ತೆ ತೆಗೆದಳು. "ಅನ್ನ ಬಿಸಿ ಮಾಡ್ಕೊಂಡು ಬರ್ಲೇನೆ?" ಅಂತ ಪಂಕಜಮ್ಮ ಎರಡು ಸಲ ಕೇಳಿದರು.

ಎಷ್ಟನೇ ಸಲವೋ, ಕೆನ್ನೆ ಅಲ್ಲೇ ನಿಂತಿತು. ತುಟಿ ಬಿರಿಯಿತು. ನಾನು ಆತುರದಲ್ಲಿ ತುತ್ತು ಒಡ್ಡಿದೆ. ಎಡಗೈ ಅಲುಗಿತು, ಗುಂಡಿ ಸರಿಯಿತು, ಬಾಯಿ ಮುಚ್ಚಿತು.

ಗುಂಡಿ ಎಲ್ಲಿತ್ತೆಂದು ಗುರುತು ಮಾಡಿರಲಿಲ್ಲ. ಈ ಕೊನೆಯಿಂದ ಮತ್ತೆ ತಿರುಗಿಸುತ್ತಿದ್ದೇನೆ. ಅವಳು ಒತ್ತುತ್ತಿದ್ದಾಳೆ.