ಹೊಳೆಯಾಚೆಯ ಕಾನೂನು

ಅಕ್ಟೋಬರ್ ತಿಂಗಳ ಒಂದು ಮಂಗಳವಾರ, ಬೆಳಗಿನ ಸುತ್ತು ಮುಗಿಸಿ ಶಾಲೆಯ ಬಸ್ಸನ್ನು ಶೆಡ್ಡಿನಲ್ಲಿ ನಿಲ್ಲಿಸುತ್ತಿದ್ದಾಗ ನೋರೀನಳಿಗೆ ಮಗಳ ಫೋನು ಬಂತು. ಕಾರ್ಲಿ ಅಳುತ್ತಿರಲಿಲ್ಲ. ಸಣ್ಣಪುಟ್ಟದ್ದಕ್ಕೂ ಕಣ್ಣೀರು ಹಾಕುವ ಹುಡುಗಿ ಅಳದೆ ಮಾತಾಡಿದ್ದು ಕೇಳಿ ನೋರೀನ್ ಬಸ್ಸಿನ ಎಂಜಿನ್ ಆರಿಸಿದಳು.

“ಅಮ್ಮ, ನೀರು ಹೋಯ್ತು. ಅಡುಗೆಮನೆ ನೆಲ ಎಲ್ಲ ಒದ್ದೆ.”

“ಯಾವ ನೀರೇ? ಪೈಪ್ ಒಡೀತಾ?”

“ಪೈಪಲ್ಲಮ್ಮ. ನನ್ನದು.”

ಕಾರ್ಲಿಗೆ ಆಗ ಹದಿನೆಂಟು ವಾರದ ಬಸಿರು. ಮೂರು ವರ್ಷ ಕಾದು, ಎರಡು ಸಲ ಗರ್ಭ ಇಳಿದುಹೋಗಿ, ಈ ಸಲ ಹೊಟ್ಟೆ ಸ್ವಲ್ಪ ಕಾಣತೊಡಗಿದ ಮೇಲೆಯೇ ಊರಿಗೆ ಹೇಳಿದ್ದಳು. ಗಂಡ ವೇಡ್ ಹಿಂದಿನ ಶನಿವಾರ ಅಣ್ಣನ ಜೊತೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆಂದು ಬೆಟ್ಟ ಹತ್ತಿದ್ದ. ಅಲ್ಲಿ ಫೋನು ಸಿಗುವುದಿಲ್ಲ. ನೋರೀನ್ ಮಗಳನ್ನು ತನ್ನ ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಊರಿನ ಆಸ್ಪತ್ರೆಗೆ ಕರೆದೊಯ್ದಳು. ಕಾರ್ಲಿ ಹುಟ್ಟಿದ್ದೂ ಅದೇ ಆಸ್ಪತ್ರೆಯಲ್ಲಿ.

ಡಾಕ್ಟರ್ ಲಿಂಡ್ ಸ್ಕ್ಯಾನ್ ಯಂತ್ರದ ಪರದೆಯನ್ನು ಬಹಳ ಹೊತ್ತು ನೋಡಿದಳು. ಮೂವತ್ತೈದರ ಆಸುಪಾಸಿನ ಹೆಂಗಸು, ಹಿಂದಿನ ಆರು ವರ್ಷದಿಂದ ಊರಿನ ಅರ್ಧ ಮಕ್ಕಳನ್ನು ಕೈಯಲ್ಲಿ ಹಿಡಿದು ಜಗತ್ತಿಗೆ ತಂದವಳು. ಯಂತ್ರವನ್ನು ಪಕ್ಕಕ್ಕೆ ಸರಿಸಿ ಕಾರ್ಲಿಯ ಮಂಚದ ಅಂಚಿನಲ್ಲೇ ಕುಳಿತಳು.

“ಮಗುವಿನ ಸುತ್ತ ನೀರೇ ಉಳಿದಿಲ್ಲ, ಕಾರ್ಲಿ. ಇಷ್ಟು ಚಿಕ್ಕ ಮಗು ಹೊರಗೆ ಬಂದ್ರೆ ಬದುಕಲ್ಲ. ಒಳಗೂ ಬೆಳೆಯಲ್ಲ. ಸುಳ್ಳು ಹೇಳಿ ಆಸೆ ಹುಟ್ಟಿಸಲ್ಲ ನಾನು.”

“ಹಾಗಾದ್ರೆ ಈಗೇನು?” ಎಂದಳು ನೋರೀನ್.

“ಮಾಮೂಲಾದ್ರೆ, ನೋವು ಬರೋ ಔಷಧಿ ಕೊಟ್ಟು ಹೆರಿಗೆ ಮಾಡಿಸ್ತಿದ್ವಿ. ಈಗ ಮಾಡೋ ಹಾಗಿಲ್ಲ. ಮಗುವಿನ ಎದೆ ಇನ್ನೂ ಹೊಡ್ಕೊಳ್ತಿದೆ.”

ಆ ಬೇಸಿಗೆಯಲ್ಲಿ ದೇಶದ ದೊಡ್ಡ ಕೋರ್ಟು, ಐವತ್ತು ವರ್ಷದಿಂದ ಇಡೀ ದೇಶಕ್ಕೆ ಒಂದೇ ಆಗಿದ್ದ, ಗರ್ಭ ತೆಗೆಸಿಕೊಳ್ಳುವ ಹಕ್ಕನ್ನು ತೆಗೆದುಹಾಕಿ, ಇನ್ನು ಆಯಾ ರಾಜ್ಯದವರು ತಮತಮಗೆ ತಿಳಿದಂತೆ ಕಾನೂನು ಮಾಡಿಕೊಳ್ಳಲಿ ಎಂದಿತ್ತು. ಇವರ ಊರಿರುವ ಇಡಾಹೊ ರಾಜ್ಯ ಬಾಗಿಲು ಹಾಕಿಕೊಂಡಿತು. ಸ್ನೇಕ್ ಹೊಳೆಯ ಆಚೆ ದಂಡೆಯ ಆರೆಗನ್ ತೆರೆದೇ ಇಟ್ಟಿತು. ಈಚೆ ದಂಡೆಯಲ್ಲಿ ಡಾಕ್ಟರು ಕೈಹಾಕಬೇಕಾದರೆ ತಾಯಿ ಸಾಯುವ ಹಂತಕ್ಕೆ ಬಂದಿರಬೇಕು. ಇಲ್ಲವಾದರೆ ಡಾಕ್ಟರಿಗೆ ಎರಡರಿಂದ ಐದು ವರ್ಷ ಜೈಲು. ಸಾಯುವ ಹಂತ ಎಂದರೆ ಎಷ್ಟು, ಯಾವಾಗ ಎಂಬುದನ್ನು ಕಾಗದದಲ್ಲಿ ಯಾರೂ ಬರೆದಿರಲಿಲ್ಲ. ಡಾಕ್ಟರ್ ಲಿಂಡ್ ಆಸ್ಪತ್ರೆಯ ವಕೀಲರಿಗೆ ಎರಡು ಸಲ ಫೋನು ಮಾಡಿ ಬಂದಳು. ಕಾಯಿರಿ ಎಂದರಂತೆ.

“ಯಾವುದಕ್ಕೆ ಕಾಯೋದು?”

“ಜ್ವರಕ್ಕೆ. ರಕ್ತ ನಂಜಾಗೋ ಲಕ್ಷಣಕ್ಕೆ.”

“ಅಂದ್ರೆ ನನ್ನ ಮಗಳು ಕೆಡಲಿ, ಆಮೇಲೆ ನೋಡೋಣ ಅಂತ. ಚೆನ್ನಾಗಿದೆ ವೈದ್ಯ. ನಮ್ಮೂರ ದನದ ಡಾಕ್ಟ್ರು ಇದಕ್ಕಿಂತ ಬೇಗ ಬರ್ತಾನೆ.”

ಡಾಕ್ಟರ್ ಲಿಂಡ್ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು.

“ನಾನು ಏನನ್ನೂ ಬರೆದು ಕೊಡೋ ಹಾಗಿಲ್ಲ. ಹೋಗಿ ಅಂತ ಬಾಯಲ್ಲಿ ಹೇಳಬಹುದಾ ಅನ್ನೋದೂ ನಂಗೆ ಗೊತ್ತಿಲ್ಲ. ಆದ್ರೆ ನನ್ನ ತಂಗಿ ಈ ಮಂಚದ ಮೇಲಿದ್ದಿದ್ರೆ, ಇವತ್ತು ಮಧ್ಯಾಹ್ನ ಅವಳು ಹೊಳೆಯಾಚೆ ಇರ್ತಿದ್ಲು.”

ನೋರೀನ್ ತುಸು ಹೊತ್ತು ಕಾರಿಡಾರಿನಲ್ಲಿ ನಿಂತಳು. ಆಗಸ್ಟಿನಲ್ಲಿ ಕಾನೂನು ಜಾರಿಗೆ ಬಂದ ದಿನ ಚರ್ಚಿನವರೆಲ್ಲ ಊರಿನ ಕೋರ್ಟಿನ ಹುಲ್ಲುಹಾಸಿನ ಮೇಲೆ ಸೇರಿ ಹಾಡಿದ್ದರು. ಅವಳೂ ಹೋಗಿದ್ದಳು. ದಾಲ್ಚಿನ್ನಿ ಹಾಕಿದ ಸಿಹಿ ಬನ್ನುಗಳನ್ನು ಎರಡು ತಟ್ಟೆ ಮಾಡಿಕೊಂಡು ಹೋಗಿ ಹಂಚಿದ್ದಳು. ಪಾದ್ರಿಯ ಹೆಂಡತಿ ವರ್ನಾ ಅವಳನ್ನು ತಬ್ಬಿಕೊಂಡು ಅತ್ತಿದ್ದಳು, ಸಂತೋಷದಿಂದ. ಈಗ ಕಾರಿಡಾರಿನ ಗೋಡೆಗೆ ಅಂಟಿಸಿದ್ದ ಹಸುಗೂಸುಗಳ ಫೋಟೋಗಳ ಕಡೆ ನೋಡಲಾಗದೆ ನೆಲ ನೋಡಿದಳು. ಆಮೇಲೆ ಒಳಗೆ ಬಂದು, “ಎದ್ದೇಳು ಮಗಳೇ, ಬೂಟು ಹಾಕ್ಕೋ” ಎಂದಳು.

ಡಾಕ್ಟರರ ಸಲಹೆ ಮೀರಿ ಹೋಗುತ್ತಿದ್ದೇನೆ ಎಂಬ ಕಾಗದಕ್ಕೆ ಕಾರ್ಲಿ ಸಹಿ ಹಾಕಿದಳು. ಡಾಕ್ಟರ್ ಲಿಂಡ್ ಆ ಕಾಗದ ತೆಗೆದುಕೊಂಡು ಬಾಗಿಲು ತೆರೆದು ಹಿಡಿದಳು.

ಸೇತುವೆಗೆ ಹತ್ತು ನಿಮಿಷ, ಅಲ್ಲಿಂದ ಆಸ್ಪತ್ರೆಯಿರುವ ಊರಿಗೆ ಇನ್ನೊಂದು ಗಂಟೆ. ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಕೀಳುವ ಕಾಲವಾದ್ದರಿಂದ ರಸ್ತೆ ತುಂಬ ಲಾರಿಗಳು. ಟಾರಿನ ಮೇಲೆ ಬಿದ್ದ ಗೆಡ್ಡೆಗಳನ್ನು ತಪ್ಪಿಸಿಕೊಂಡು ನೋರೀನ್ ಓಡಿಸಿದಳು. ರೈಲು ಹಳಿ ಬಂದಾಗ ಶಾಲೆಯ ಬಸ್ಸಿನ ನಿಯಮದಂತೆ ಪೂರಾ ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕಡೆ ಕಿವಿಗೊಟ್ಟಳು.

“ಅಮ್ಮ, ಇದು ಬಸ್ಸಲ್ಲ,” ಎಂದಳು ಕಾರ್ಲಿ.

“ಇಪ್ಪತ್ತಾರು ವರ್ಷದ ಅಭ್ಯಾಸ ಕಣೇ.”

ಇಬ್ಬರಿಗೂ ನಗು ಬಂತು. ನಗು ಮುಗಿಯುವ ಮೊದಲೇ ಕಾರ್ಲಿ ಹಲ್ಲು ಕಟಕಟಿಸುತ್ತ ನಡುಗತೊಡಗಿದಳು. ನೋರೀನ್ ಅವಳ ಹಣೆ ಮುಟ್ಟಿ ನೋಡಿ, ತನ್ನ ಕೋಟು ಬಿಚ್ಚಿ ಹೊದಿಸಿ, ಕಾರಿನ ಬಿಸಿಗಾಳಿ ಹೆಚ್ಚಿಸಿದಳು. ಕಾರು ಸೇತುವೆ ದಾಟಿತು. ಹೊಳೆ ಕಂದುಬಣ್ಣಕ್ಕೆ ತಿರುಗಿ, ಅಗಲವಾಗಿ, ಯಾರ ಗೊಡವೆಯೂ ಇಲ್ಲದೆ ಹರಿಯುತ್ತಿತ್ತು.

“ಅಮ್ಮ, ಒಂದು ಕೇಳ್ಲಾ? ಕೋರ್ಟಿನ ಹತ್ರ ಹಾಡಿದ್ರಲ್ಲ, ಆ ದಿನ ನನ್ನ ನೆನಪು ಬಂದಿತ್ತಾ ನಿಂಗೆ?”

ಮುಂದಿನ ಲಾರಿಯಿಂದ ಉರುಳಿದ ಗೆಡ್ಡೆಯೊಂದನ್ನು ತಪ್ಪಿಸಿ ನೋರೀನ್ ಹೇಳಿದಳು.

“ಇಲ್ಲ. ಬೇರೆ ಹೆಂಗಸರ ನೆನಪು ಬಂದಿತ್ತು.”

“ಎಂಥ ಹೆಂಗಸರು?”

“ಗೊತ್ತಿಲ್ಲ ಮಗಳೇ. ನಾನು ಯಾರನ್ನೂ ನೋಡಿರಲಿಲ್ಲ.”

ಕಾರ್ಲಿ ಕಿಟಕಿಯ ಗಾಜಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಳು. ಅವಳು ಅದನ್ನು ಕ್ಷಮೆ ಕೇಳಿದ್ದೆಂದುಕೊಂಡಳೋ ಇಲ್ಲವೋ ನೋರೀನಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಆಚೆಯ ಆಸ್ಪತ್ರೆಯಲ್ಲಿ ನರೆಗೂದಲಿನ ಡಾಕ್ಟರೊಬ್ಬ ಕಾರ್ಲಿಯನ್ನು ಪರೀಕ್ಷಿಸಿ, ಅವಳ ಜೊತೆ ಐದು ನಿಮಿಷ ಮಾತಾಡಿ, ಔಷಧಿ ಬರೆದ. ನೋರೀನ್ ಇನ್ನೂ ಏನೋ ಆಗಬೇಕೆಂಬಂತೆ ಬಾಗಿಲ ಬಳಿ ನಿಂತೇ ಇದ್ದಳು.

“ಇಲ್ಲಿ ಯಾರನ್ನ ಕೇಳ್ಬೇಕು ಡಾಕ್ಟ್ರೇ?”

“ನಿಮ್ಮ ಮಗಳನ್ನ,” ಎಂದನಾತ. “ಅವರನ್ನ ಕೇಳಿ ಆಯ್ತಲ್ಲ.”

ಸಂಜೆಯ ಹೊತ್ತಿಗೆ ಮಗು ಬಂತು, ಉಸಿರಿಲ್ಲದೆ. ಹೆಣ್ಣು. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ಕಾರ್ಲಿಯ ಎದೆಯ ಮೇಲಿಟ್ಟು, “ಎಷ್ಟು ಹೊತ್ತು ಬೇಕೋ ಇಟ್ಕೋ ಕಂದ, ನಮಗೇನೂ ಅವಸರ ಇಲ್ಲ” ಎಂದಳು. ಕಾರ್ಲಿ ಆಗ ಅತ್ತಳು. ಮಗುವಿಗೆ ಐರಿಸ್ ಎಂದು ಹೆಸರಿಟ್ಟಳು. ನೋರೀನಳ ಹೆಬ್ಬೆರಳ ಉಗುರಿಗಿಂತ ತುಸುವೇ ದೊಡ್ಡದಾದ ಪಾದಗಳ ಅಚ್ಚನ್ನು ನರ್ಸು ಒಂದು ಕಾರ್ಡಿನ ಮೇಲೆ ತೆಗೆದುಕೊಟ್ಟಳು. ನೋರೀನ್ ಫೋನು ಮಾಡಿ ಕೇಳಿಕೊಂಡಂತೆ ಅರಣ್ಯ ಇಲಾಖೆಯವರು ಬೆಟ್ಟದ ಬುಡದಲ್ಲಿದ್ದ ವೇಡನ ಗಾಡಿಯ ಗಾಜಿಗೆ ಚೀಟಿ ಸಿಕ್ಕಿಸಿದ್ದರಿಂದ, ಮರುದಿನ ಬೆಳಿಗ್ಗೆ ಅವನು ಕೆಸರು ಬೂಟಿನಲ್ಲೇ ಓಡಿಬಂದ. ಕಾರ್ಲಿಯ ಜ್ವರ ಇಳಿಯಲು ಮೂರು ದಿನ ಹಿಡಿಯಿತು. ಇನ್ನರ್ಧ ದಿನ ತಡವಾಗಿದ್ದರೆ ಗರ್ಭಕೋಶ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ವೇಡನಿಗೆ ಹೇಳಿದ. ವೇಡ್ ಅದನ್ನು ಅತ್ತೆಗೆ ಹೇಳಿ, ಮುಖ ತಿರುಗಿಸಿಕೊಂಡ.

ಮುಂದಿನ ಜನವರಿಯಲ್ಲಿ ಚರ್ಚಿನ ಹೆಂಗಸರು ನೆಲಮಾಳಿಗೆಯ ಕೋಣೆಯಲ್ಲಿ ಸೇರಿದ್ದಾಗ ವರ್ನಾ ಒಂದು ಪತ್ರ ಸುತ್ತಲೂ ಕಳಿಸಿದಳು. ಶಾಸಕರಿಗೆ ಧನ್ಯವಾದ, ಕಾನೂನನ್ನು ಒಂದಿಷ್ಟೂ ಸಡಿಲಿಸಬೇಡಿ ಎಂಬ ವಿನಂತಿ. ನೋರೀನ್ ಪೆನ್ನು ಮುಟ್ಟದೆ ಪಕ್ಕದವಳಿಗೆ ದಾಟಿಸಿದಳು.

“ನೋರೀನ್, ನಿನ್ನ ಸಹಿ ಬಿಟ್ಟುಹೋಯ್ತು,” ಎಂದಳು ವರ್ನಾ.

“ಬಿಟ್ಟುಹೋಗಿಲ್ಲ, ನಾನೇ ಬಿಟ್ಟೆ. ಕಾರ್ಲಿ ಆಸ್ಪತ್ರೇಲಿ ಜ್ವರ ಬರಲಿ ಅಂತ ಕಾಯೋ ಹಾಗಾಯ್ತು.”

“ಅವಳದ್ದು ಬೇರೆ ಕಣೆ. ಪಾಪ, ಅದು ತಾನಾಗೇ ಆಗಿದ್ದು. ಅದನ್ನ ಗರ್ಭಪಾತ ಅನ್ನಕ್ಕಾಗತ್ತಾ?”

“ಆ ಕಾನೂನಿನ ಪ್ರಕಾರ ಅದೇ. ನಾನು ಕೂತು ಓದಿದೀನಿ. ನೀನು ಓದಿದೀಯಾ?”

ವರ್ನಾ ಕಾಫಿ ಕುಡಿದಳು. ಇನ್ನೊಬ್ಬಳು ಹವಾಮಾನದ ಮಾತೆತ್ತಿದಳು. ನೋರೀನ್ ಚರ್ಚು ಬಿಡಲಿಲ್ಲ, ದೇವರನ್ನೂ ಬಿಡಲಿಲ್ಲ. ಹುಟ್ಟದ ಮಕ್ಕಳಿಗಾಗಿ ಈಗಲೂ ಪ್ರಾರ್ಥಿಸುತ್ತಾಳೆ, ಐರಿಸಳ ಹೆಸರೂ ಅದರಲ್ಲಿ ಸೇರಿತು. ಆದರೆ ಆ ಪತ್ರದ ವಿರುದ್ಧ ತಾನೇ ಒಂದು ಪತ್ರ ಬರೆದು, ಆ ಮಂಗಳವಾರ ನಡೆದುದನ್ನೆಲ್ಲ ಗಂಟೆ ಸಮೇತ ಬರೆದು, ಅದೇ ಶಾಸಕರಿಗೆ ಕಳಿಸಿದಳು. ಅಚ್ಚು ಹಾಕಿದ ಎರಡು ಸಾಲಿನ ಉತ್ತರ ಬಂತು. ಅವಳು ಮತ್ತೆ ಬರೆದಳು. ವರ್ನಾ ಅವಳಿಗೆ ಫೋನು ಮಾಡುವುದನ್ನು ನಿಲ್ಲಿಸಿದಳು.

ಬೇಸಿಗೆ ಬರುವುದರೊಳಗೆ ಡಾಕ್ಟರ್ ಲಿಂಡ್ ಮನೆ ಮಾರಿ ಬೇರೆ ರಾಜ್ಯಕ್ಕೆ ಹೋದಳು. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಊರಿನ ಆಸ್ಪತ್ರೆ ಹೆರಿಗೆ ವಾರ್ಡನ್ನೇ ಮುಚ್ಚಿತು. ಕಾರ್ಲಿ ಮತ್ತು ವೇಡ್ ಹೊಳೆಯಾಚೆ ಈರುಳ್ಳಿ ಗೋದಾಮಿನ ಹಿಂದೆ ಒಂದು ಬಾಡಿಗೆ ಮನೆ ಹಿಡಿದರು. ಊರಿಂದ ಹದಿನೈದು ನಿಮಿಷ ದೂರದ ಆ ಮನೆಗೆ ನೋರೀನ್ ಪ್ರತಿ ಭಾನುವಾರ ಆರಾಧನೆ ಮುಗಿಸಿಕೊಂಡು ಹೊರಡುತ್ತಿದ್ದಳು. ತಾಯಿ ಮಗಳ ನಡುವೆ ಮಾತು ಕಡಿಮೆಯಾಗಿತ್ತು, ಜಗಳವೇನೂ ಇರಲಿಲ್ಲ. ಪಾತ್ರೆ ತೊಳೆಯುವಾಗ ಒಬ್ಬಳು ತೊಳೆಯುವಳು, ಇನ್ನೊಬ್ಬಳು ಒರೆಸುವಳು.

ನವೆಂಬರಿನ ಒಂದು ಭಾನುವಾರ ಕಾರ್ಲಿ ಕೈಯಲ್ಲಿದ್ದ ತಟ್ಟೆಯನ್ನು ನೀರಿನೊಳಗೇ ಬಿಟ್ಟು, ಬೆನ್ನು ತಿರುಗಿಸಿಕೊಂಡೇ ಹೇಳಿದಳು.

“ಅಮ್ಮ, ಹನ್ನೊಂದು ವಾರ.”

ನೋರೀನಳ ಬಾಯಿಂದ ಸಂತೋಷದ ಮಾತು ಮೊದಲು ಬರಲಿಲ್ಲ.

“ಡಾಕ್ಟ್ರು ಹೊಳೆಯ ಯಾವ ಕಡೆಯವರು?”

“ಈ ಕಡೆಯವರೇ.” ಕಾರ್ಲಿ ತಿರುಗಿ ತಾಯಿಯ ಮುಖ ನೋಡಿದಳು, ಒದ್ದೆ ಕೈಯಲ್ಲೇ ಅವಳ ತೋಳು ಹಿಡಿದು ಕುರ್ಚಿಯತ್ತ ನಡೆಸಿದಳು. “ಕೂತ್ಕೋ ಅಮ್ಮ. ಉಳಿದಿದ್ದು ನಾನೇ ಒರೆಸ್ತೀನಿ.”