ಅನಸೂಯ ಕಟ್ಟಿದ ಪ್ರತಿ

"ಮತ್ತೆ ಅದೇ!" ಕಚೇರಿಯ ಮುಖ್ಯಸ್ಥ ಬಸು ಬಾಬು ಮಾನಿಟರಿನ ಅಂಚಿಗೆ ಬೆರಳು ಕುಟ್ಟಿದರು. ನದಿಯ ನೀರಿನ ಮಟ್ಟದ ಗ್ರಾಫ್ ಬರಬೇಕಾದ ಜಾಗದಲ್ಲಿ, ಫೈಲು ಓದಲಾಗದು ಎಂಬ ಒಂದೇ ಸಾಲು. "ಪ್ರೇರಣಾ, ಪ್ರೋಗ್ರಾಂನ ಹೊಸ ಆವೃತ್ತಿ ಹಾಕಿದ್ದೇನೆ ಎಂದೆಯಲ್ಲ?"

"ಬೆಳಿಗ್ಗೆಯೇ ಹಾಕಿದೆ ಸರ್. ಪ್ಯಾಕೇಜು ಸರಿಯಾಗೇ ಇಳಿಯಿತು."

"ಇದಕ್ಕೇ ನಾನು ಸಿದ್ಧ ಪ್ಯಾಕೇಜು ನಂಬುವುದಿಲ್ಲ. ಅನಸೂಯಾ, ನೀವು ಎಂದಿನಂತೆ ಮೂಲ ಕೋಡ್ ತಂದು ಇಲ್ಲೇ ಕಂಪೈಲ್ ಮಾಡಿ ಪ್ರೋಗ್ರಾಂ ಕಟ್ಟಿಬಿಡಿ." ಹಿಂದಿಯಲ್ಲಿ ಇಷ್ಟು ಹೇಳಿ, ಪ್ರೇರಣಾಳ ಕಡೆ ನೋಡದೆ ತಮ್ಮ ಕೋಣೆಗೆ ಹೋದರು. ಅಲ್ಲಿ ಮೇಜಿನ ಮೇಲೆ ಅವಳ ಪ್ರೊಬೇಷನ್ ವರದಿ ಅರ್ಧ ಬರೆದ ಸ್ಥಿತಿಯಲ್ಲಿತ್ತು.

ಹೂಗ್ಲಿ ದಂಡೆಯ ಬಾರಾನಗರದ ಆ ನದಿ ಸಮೀಕ್ಷೆಯ ಕಚೇರಿಯಲ್ಲಿ ಕನ್ನಡದವರು ಇಬ್ಬರೇ. ಬೆಂಗಳೂರಿನ ಪ್ರೇರಣಾ ಬಂದು ಆರು ತಿಂಗಳಾಗಿತ್ತು. ಧಾರವಾಡದ ಅನಸೂಯ, ರೈಲ್ವೆಯಲ್ಲಿರುವ ಗಂಡನ ವರ್ಗಾವಣೆಯ ಜೊತೆ ಬಂದವಳು, ಇಲ್ಲಿಯೇ ಸಂಜೆ ಕ್ಲಾಸಿಗೆ ಹೋಗಿ ಲಿನಕ್ಸ್ ಕಲಿತಿದ್ದಳು.

"ಅಕ್ಕಾ, ನಿಜವಾಗ್ಲೂ ಹಾಕಿದೀನಿ," ಎಂದಳು ಪ್ರೇರಣಾ.

"ಹಾಕಿರ್ತಿ ಬಿಡವಾ. ಹೋಗಿ ಚಾ ತೊಗೊಂಡು ಬಾ, ಅಷ್ಟರಾಗ ನೋಡ್ತೀನಿ."

ಏನು ಮಾಡುವ ಮೊದಲೂ ಎರಡೆರಡು ಸಲ ನೋಡುವುದು ಅನಸೂಯಳ ಅಭ್ಯಾಸ. ಪ್ರೋಗ್ರಾಂ ಯಾವ ಫೋಲ್ಡರಿನಿಂದ ಓಡುತ್ತಿದೆ ಎಂದು ಕಂಪ್ಯೂಟರನ್ನೇ ಕೇಳಿದಳು. ಬಂದ ಉತ್ತರ ಪ್ಯಾಕೇಜಿನ ಫೋಲ್ಡರ್ ಅಲ್ಲ. ಆರು ವರ್ಷದ ಹಿಂದೆ ಅವಳೇ ಕಂಪೈಲ್ ಮಾಡಿ ಇಟ್ಟ ಹಳೆಯ ಪ್ರತಿಯ ಜಾಗ. ಕಂಪ್ಯೂಟರ್ ಮೊದಲು ಹುಡುಕುವುದು ಅಲ್ಲಿ. ಅಲ್ಲಿ ಸಿಕ್ಕರೆ ಮುಂದೆ ಹೋಗುವುದಿಲ್ಲ. ಪ್ರೇರಣಾ ಹಾಕಿದ್ದು ಬೆಳಗಿನಿಂದ ಒಮ್ಮೆಯೂ ಓಡಿಯೇ ಇರಲಿಲ್ಲ; ಹೊಸ ಬಗೆಯ ಫೈಲು ಓದಲು ಬಾರದ ಹಳೆಯದೇ ಓಡುತ್ತಿತ್ತು.

ಅನಸೂಯಳ ಕಿವಿ ಬಿಸಿಯಾಯಿತು. ಹೇಳಿದಂತೆ ಕಂಪೈಲ್ ಮಾಡಿದರೆ ಹೊಸದು ಹಳೆಯದರ ಮೇಲೇ ಕೂರುತ್ತದೆ, ಗ್ರಾಫ್ ಬರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಬಸು ಬಾಬು ಹೊಗಳುತ್ತಾರೆ. ಆ ಹೊಗಳಿಕೆಯೂ ಇಲ್ಲದಿದ್ದರೆ, ಎರಡು ನಿಮಿಷದಲ್ಲಿ ಪ್ಯಾಕೇಜು ಇಳಿಸುವವರ ನಡುವೆ ತಾನು ಯಾಕೆ ಬೇಕು? ಆದರೆ ಹುಡುಗಿಯ ವರದಿಯಲ್ಲಿ ತಪ್ಪಿನ ಒಂದು ಸಾಲು ಸೇರುತ್ತದೆ. ಎದ್ದಳು, ಕೂತಳು, ಮತ್ತೆ ಎದ್ದಳು.

"ಸರ್, ಪ್ಯಾಕೇಜು ಸರಿ ಇದೆ," ಎಂದಳು ಅವರ ಕೋಣೆಯ ಬಾಗಿಲಲ್ಲಿ ನಿಂತು. "ತಪ್ಪು ನನ್ನದು. ನನ್ನ ಹಳೇ ಪ್ರತಿ ಅಡ್ಡ ಇದೆ. ಅದನ್ನು ನಾನು ತೆಗೆದೇ ಇರಲಿಲ್ಲ."

ಬಸು ಬಾಬು ಕನ್ನಡಕ ಹಣೆಗೇರಿಸಿದರು. "ಎಷ್ಟು ವರ್ಷದ್ದು?"

"ಆರು."

"ಆರು ವರ್ಷ ಅದೇ ಓಡಿತೇ? ಗಟ್ಟಿಯಾಗಿಯೇ ಕಟ್ಟಿದ್ದೀರಿ, ಬಾಪ್ ರೇ!" ನಕ್ಕುಬಿಟ್ಟರು. "ಹೋಗಿ, ತೆಗೆಯಿರಿ." ಅವಳು ತಿರುಗುವಷ್ಟರಲ್ಲಿ ವರದಿಯನ್ನು ಹತ್ತಿರ ಎಳೆದುಕೊಂಡು ಪೆನ್ನಿಗಾಗಿ ತಡಕಾಡುತ್ತಿದ್ದರು.

ಪ್ರೇರಣಾ ಎರಡು ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದು ಬರುವಾಗ ತೆರೆಯ ಮೇಲೆ ಹೂಗ್ಲಿಯ ಉಬ್ಬರವಿಳಿತ ನೀಲಿ ಗೆರೆಯಾಗಿ ಹಬ್ಬಿತ್ತು.

"ಅಯ್ಯೋ, ಇಷ್ಟು ಬೇಗ ಕಂಪೈಲ್ ಆಯ್ತಾ?"

"ಎಲ್ಲೀದು! ನೀ ಮುಂಜಾನೆ ಹಾಕಿದ್ದಽ ಇದು. ನಂದೊಂದು ಮುದುಕಿ ಬಾಗಿಲದಾಗ ಕೂತು ಅದಕ್ಕ ದಾರಿ ಬಿಟ್ಟಿದ್ದಿಲ್ಲ. ಎಬ್ಬಿಸಿ ಕಳಿಸಿದೆ. ಸಾಹೇಬ್ರಿಗೂ ಹೇಳೀನಿ."

ಪ್ರೇರಣಾಳಿಗೆ ನಗು ತಡೆಯಲಾಗಲಿಲ್ಲ. "ಅಕ್ಕಾ, ಅಂಥ ಮುದುಕಿಯರು ಇನ್ನೆಷ್ಟಿದಾರೆ ಒಳಗೆ?"

ಅನಸೂಯ ಆ ಫೋಲ್ಡರಿನ ಪಟ್ಟಿ ತೆರೆದಳು. ಹದಿನಾಲ್ಕು ಹೆಸರು.

"ಅಯ್ಯ ಶಿವನ!" ಎಂದು, ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿ ನೆಲಕ್ಕಿಟ್ಟು, ಪ್ರೇರಣಾಳಿಗೆ ಕೂರಲು ಜಾಗ ಮಾಡಿದಳು.